ಬಾಗಿಲಿಗೆ ಆರು, ಕೇಬಲ್ಲಿಗೆ ಐದು

“ಆಗೆಲ್ಲ ಒಂದೊಂದು ಮೆಷಿನ್ನಿಗೂ ಒಂದೊಂದು ಸೀಡಿ ಹಾಕಿ, ಮುಂದೆ ಸ್ಟೂಲ್ ಎಳ್ಕೊಂಡು ಕೂತ್ಕೋತಿದ್ದೆ ಲಿನ್. ಅದು ಹೌದಾ ಅಂತ ಕೇಳೋದು, ನಾನು ಹೌದು ಅಂತ ಒತ್ತೋದು. ಎಂಟು ಮೆಷಿನ್ ಅಂದ್ರೆ ಎರಡು ದಿನದ ಸಂಸಾರ. ನೀನು ನೋಡಿದ್ರೆ ಒಂದು ಸಲ ಒತ್ತಿ ಅನ್ನ ಉಣ್ತಾ ಕೂತ್ಕೋತೀನಿ ಅಂತೀಯ.”

ಹಸ್ನಾ ಹೀಗೆ ಮಾತಾಡುತ್ತಿದ್ದದ್ದು ಪೆನಾಂಗ್ ದ್ವೀಪದ ಬಾಯಾನ್ ಲೆಪಾಸ್‌ನ ಸರ್ವರ್ ಕೋಣೆಯೊಳಗಿಂದ, ಫ್ಯಾನುಗಳ ಮೊರೆತದ ಮೇಲೆ ದನಿ ಎತ್ತಿ. ಇತ್ತ ಅದೇ ದ್ವೀಪದ ಜೆಲುತೊಂಗ್‌ನ ಆಫೀಸಿನಲ್ಲಿ ಸ್ವೀ ಲಿನ್ ಮೊಬೈಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದಳು. ಎದುರಿಗೆ ಕಾಗದದ ಪೊಟ್ಟಣದಲ್ಲಿ ಸಾರು ಸುರಿದ ಅನ್ನ, ನಾಸಿ ಕಂದಾರ್ ಇತ್ತು, ಇನ್ನೂ ಬಿಚ್ಚಿರಲಿಲ್ಲ. ತನಗಿಂತ ಹದಿನೆಂಟು ವರ್ಷ ದೊಡ್ಡವಳಾದ ಹಸ್ನಾಳನ್ನು ಆಫೀಸಿನ ಉಳಿದವರಂತೆ ಅವಳೂ ಅಕ್ಕ ಎಂಬ ಅರ್ಥದಲ್ಲಿ ಕಾಕ್ ನಾ ಎಂದೇ ಕರೆಯುತ್ತಿದ್ದಳು. ಕಾಕ್ ನಾ ಮಾತಿಗೆ ತಡೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಸ್ವೀ ಲಿನ್‌ಗೆ ಇವತ್ತು ಅದು ಬೇಕಾಗಿಯೂ ಇರಲಿಲ್ಲ. ಇಂಥ ಗುಂಡಿ ಒತ್ತುವ ಹೊತ್ತಿನಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಒಳ್ಳೆಯದು.

ಹೊಸದಾಗಿ ಬಂದ ಸರ್ವರ್ ಅಂದರೆ ಬರಿಯ ಕಬ್ಬಿಣ. ಒಳಗೆ ಆಪರೇಟಿಂಗ್ ಸಿಸ್ಟಮ್ ಕೂರಿಸುವವರೆಗೆ ಅದಕ್ಕೆ ಫ್ಯಾನ್ ತಿರುಗಿಸುವುದೊಂದೇ ಗೊತ್ತು. ಆ ಕೂರಿಸುವ ಕೆಲಸ ಮನುಷ್ಯರ ಕೈ ಇಲ್ಲದೆ ನಡೆಯಬೇಕೆಂದು ಸ್ವೀ ಲಿನ್ ನಾಲ್ಕು ತಿಂಗಳು ಕೂತು ಒಂದು ಸ್ಕ್ರಿಪ್ಟ್ ಬರೆದಿದ್ದಳು. ಸರ್ವರ್ ಕೋಣೆಯಲ್ಲಿ ಯಂತ್ರಗಳು ನಿಂತ ಸಾಲಿನ ನಂಬರು ಕೊಟ್ಟರೆ ಸಾಕು. ಆ ಸಾಲಿನ ಯಂತ್ರಗಳಿಗೆಲ್ಲ ದೂರದಿಂದಲೇ ಆಜ್ಞೆ ಹೋಗುತ್ತದೆ: ಒಮ್ಮೆ ಆರಿ ಮತ್ತೆ ಹೊತ್ತಿಕೋ, ಈ ಸಲ ನಿನ್ನ ಡಿಸ್ಕಿನ ಕಡೆ ನೋಡಬೇಡ, ನೆಟ್‌ವರ್ಕಿನಲ್ಲಿ ಕೂಗು. ಅವು ಕೂಗುತ್ತವೆ. ಸೇತುವೆಯಾಚೆ, ಪಕ್ಕದ ಕೆಡಾ ರಾಜ್ಯದ ಕೂಲಿಮ್‌ನಲ್ಲಿರುವ ಇನ್ನೊಂದು ಸರ್ವರ್ ಓಗೊಡುತ್ತದೆ, ಒಂದು ಪುಟ್ಟ ಪ್ರೋಗ್ರಾಮನ್ನು ಇಳಿಸಿಕೊಡುತ್ತದೆ. ಅದು ಬಂದದ್ದೇ ಮೊದಲು ಮಾಡುವ ಕೆಲಸ ಡಿಸ್ಕನ್ನು ಪೂರ್ತಿ ಅಳಿಸುವುದು. ಆಮೇಲೆ ಹೊಸ ಸಿಸ್ಟಮ್.

ಅಳಿಸಲೇ ಎಂದು ಅದು ಮೊದಮೊದಲು ಕೇಳುತ್ತಿತ್ತು. ಆ ಪ್ರಶ್ನೆಯನ್ನು ಸ್ವೀ ಲಿನ್ ತಾನೇ ತೆಗೆದುಹಾಕಿದ್ದಳು. ಎಂಟು ಯಂತ್ರ ಕೇಳಿದರೆ ಎಂಟು ಸಲ ಯಾರೋ ಹೌದು ಅನ್ನಬೇಕು. ಯಾರೋ ಹೌದು ಅನ್ನುತ್ತಾ ಕೂರಬೇಕಾದರೆ ಸ್ಕ್ರಿಪ್ಟ್ ಯಾಕೆ ಬೇಕು?

ಒಂದನೇ ಸಾಲಿನಲ್ಲಿ ಪರೀಕ್ಷೆ ಮಾಡಿದ್ದಳು, ಎರಡನೇ ಸಾಲಿನಲ್ಲಿ, ಮೂರನೇ ಸಾಲಿನಲ್ಲಿ. ಮೂರರಲ್ಲೂ ಒಂದು ಕೂದಲೂ ಕೊಂಕಿರಲಿಲ್ಲ. ಇವತ್ತು ಐದನೇ ಸಾಲು. ಕಳೆದ ವಾರ ಬಂದ ಎಂಟು ಖಾಲಿ ಯಂತ್ರಗಳು. ಶುಕ್ರವಾರ ಮಧ್ಯಾಹ್ನ ಗಂಡಸರೆಲ್ಲ ನಮಾಜಿಗೆ ಹೋಗಿರುತ್ತಾರೆ, ಸರ್ವರ್ ಕೋಣೆಯಲ್ಲಿ ಓಡಾಟ ಇರುವುದಿಲ್ಲ, ಇಂಥ ಕೆಲಸಕ್ಕೆ ಅದೇ ಹೊತ್ತು ಎಂದು ಕಂಪನಿ ಮೊದಲಿಂದ ನಡೆಸಿಕೊಂಡು ಬಂದಿತ್ತು. ಹಸ್ನಾ ಮಾತ್ರ ಒಳಗೆ ನಿಂತು ಕಣ್ಣಿಟ್ಟು ನೋಡಬೇಕು. ಅವಳ ಬೆನ್ನ ಹಿಂದೆ ಆರನೇ ಸಾಲು. ಅಲ್ಲಿ ಒಂದು ದತ್ತಿ ಸಂಸ್ಥೆಯ ಏಳು ಯಂತ್ರಗಳಿದ್ದವು. ಪೆನಾಂಗಿನ ಐದು ಡಯಾಲಿಸಿಸ್ ಕೇಂದ್ರಗಳಿಗೆ ಬರುವ ಮುನ್ನೂರು ಚಿಲ್ಲರೆ ರೋಗಿಗಳ ತೂಕ, ರಕ್ತದ ಲೆಕ್ಕವೆಲ್ಲ ಅವುಗಳಲ್ಲಿ. ಸಂಸ್ಥೆ ಬಡವರದ್ದು, ನಕಲು ಇಡಲು ಬೇರೆ ಕಡೆ ಜಾಗ ಹಿಡಿದಿರಲಿಲ್ಲ. ಮೂಲವೂ ನಕಲೂ ಅದೇ ಸಾಲಿನಲ್ಲಿ ಮೇಲೆ ಕೆಳಗೆ ಕೂತಿದ್ದವು.

ಒಂದು ಗಂಟೆ ಎರಡು ನಿಮಿಷಕ್ಕೆ ಸ್ವೀ ಲಿನ್ ಐದು ಎಂದು ಬರೆದು ಗುಂಡಿ ಒತ್ತಿದಳು.

ಪರದೆಯ ಮೇಲೆ ಎಂಟು ಗೆರೆ ಮೂಡಿದವು. ಆಜ್ಞೆ ತಲುಪಿತು, ಆಜ್ಞೆ ತಲುಪಿತು, ಹೀಗೆ ಎಂಟೂ. ಅವಳು ಪೊಟ್ಟಣದ ರಬ್ಬರ್ ಬ್ಯಾಂಡ್ ಬಿಚ್ಚಿದಳು. ಅಷ್ಟರಲ್ಲಿ ಪರದೆ ನಿಂತುಹೋಯಿತು. ಕೀಲಿ ಒತ್ತಿದರೆ ಅಕ್ಷರ ಮೂಡಲಿಲ್ಲ. ಆಫೀಸಿನ ಲೈನು ಮಧ್ಯಾಹ್ನದ ಹೊತ್ತು ಹೀಗೆ ಮುನಿಸಿಕೊಳ್ಳುವುದು ಹೊಸದಲ್ಲ. ಅವಳು ಪರದೆಯ ಮೇಲಿನ ಆ ಕಿಟಕಿ ಮುಚ್ಚಿ ಮತ್ತೆ ತೆರೆಯಲು ನೋಡಿದಳು. ತೆರೆಯಲಿಲ್ಲ.

ಫೋನಿನಲ್ಲಿ ಹಸ್ನಾ ತನ್ನ ಮಗಳ ಅತ್ತೆ ಮೊನ್ನೆ ರೆಂದಾಂಗ್ ಮಾಂಸ ಸೀಯಿಸಿದ ಕಥೆ ಹೇಳುತ್ತಿದ್ದವಳು ನಡುವೆ ನಿಲ್ಲಿಸಿ, ಒತ್ತಿದೆಯಾ ಎಂದು ಕೇಳಿದಳು. ಒತ್ತಿ ಒಂದು ನಿಮಿಷವಾಯಿತು ಎಂದಳು ಸ್ವೀ ಲಿನ್.

“ಐದರಲ್ಲಿ ಒಂದು ಫ್ಯಾನೂ ಅಲ್ಲಾಡಿಲ್ಲ ಕಣೇ. ನಾನು ಮುಂದೇನೇ ನಿಂತಿದೀನಿ.”

ಸರ್ವರ್ ಮತ್ತೆ ಹೊತ್ತಿಕೊಳ್ಳುವಾಗ ಫ್ಯಾನುಗಳೆಲ್ಲ ಒಮ್ಮೆಗೇ ಪೂರ್ತಿ ಓಡುತ್ತವೆ. ಆ ಅಬ್ಬರ ಗುರುತಿಸದ ಕಿವಿ ಈ ಕಸುಬಿನಲ್ಲಿಲ್ಲ. ಹಸ್ನಾ ಸುಮ್ಮನಾದಳು. ಅವಳು ಸುಮ್ಮನಾದದ್ದೇ ಸ್ವೀ ಲಿನ್‌ಗೆ ಹೆದರಿಕೆ ತಂದಿತು. ಆ ಮೌನದಲ್ಲಿ ಫೋನಿನೊಳಗಿಂದ ಮೊರೆತ ಕೇಳುತ್ತಿತ್ತು, ಎಲ್ಲಿಂದಲೋ ಏರಿ ಬರುತ್ತಿತ್ತು.

“ನನ್ನ ಹಿಂದೆ ಲಿನ್. ಆರರ ಫ್ಯಾನ್ ಮೊರೀತಿದೆ.”

ಸ್ವೀ ಲಿನ್ ಎದ್ದು ನಿಂತಳು. ಯಾಕೆ ಎದ್ದಳೋ, ಎದ್ದು ಮಾಡುವುದೇನೂ ಇರಲಿಲ್ಲ. ಪರದೆ ಯಾಕೆ ನಿಂತಿತು ಎಂದು ಆಗ ಅವಳಿಗೆ ಹೊಳೆಯಿತು. ಹೊರಗಿನಿಂದ ಸರ್ವರುಗಳನ್ನು ಮುಟ್ಟಬೇಕಾದರೆ ಎಲ್ಲರೂ ಹಾದುಹೋಗುವ ಒಂದು ಸಣ್ಣ ಯಂತ್ರವಿತ್ತು, ಕಂಪನಿಯದೇ. ಎರಡು ವರ್ಷದ ಹಿಂದೆ ಜಾಗ ಸಾಲದೆ ಅದನ್ನು ಆರನೇ ಸಾಲಿನ ಖಾಲಿ ಮೂಲೆಯಲ್ಲಿ ಕೂರಿಸಿದ್ದರು. ಡಯಾಲಿಸಿಸ್‌ನ ಏಳು, ಅದೊಂದು, ಒಟ್ಟು ಎಂಟು. ಎಂಟು ಆಜ್ಞೆಗಳೂ ಇಲ್ಲಿಗೇ ತಲುಪಿದ್ದವು, ಆ ಸಣ್ಣದೂ ಆರಿಹೋಗಿತ್ತು.

ಹೇಗೆ ಎಂದು ಯೋಚಿಸಲು ಆಮೇಲೆ ಹೊತ್ತು ಸಿಗುತ್ತಿತ್ತು. ಈಗ ಗಡಿಯಾರದಲ್ಲಿ ಒಂದು ಗಂಟೆ ನಾಲ್ಕು ನಿಮಿಷ. ದೊಡ್ಡ ಸರ್ವರ್ ಎದ್ದ ಮೇಲೆ ತನ್ನ ಮೆಮೊರಿ ಎಲ್ಲ ಎಣಿಸಿ ನೋಡಿಕೊಳ್ಳಲು ಆರೇಳು ನಿಮಿಷ ತೆಗೆದುಕೊಳ್ಳುತ್ತದೆ. ಅದಾದ ಮೇಲೆ ಕೂಗುತ್ತದೆ. ಕೂಗಿದರೆ ಕೂಲಿಮ್ ಓಗೊಡುತ್ತದೆ. ಓಗೊಟ್ಟರೆ, ಕೇಳುವ ಪ್ರಶ್ನೆಯೂ ಇಲ್ಲ.

ಅವಳು ಮೇಜಿನ ಫೋನಿನಿಂದ ಕೂಲಿಮ್‌ಗೆ ಕರೆ ಮಾಡಿದಳು. ಕೆಡಾದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಎತ್ತಿದವನು ಗೇಟಿನ ಕಾವಲುಗಾರ. ಮೇಲಿನ ಕೋಣೆಗೆ ಹೋಗಲು ತನಗೆ ಕಾರ್ಡಿಲ್ಲ, ಭಾನುವಾರ ಎಲ್ಲರೂ ಬರುತ್ತಾರೆ ಎಂದು ಮರ್ಯಾದೆಯಿಂದ ಹೇಳಿದ. ಅವಳು ಫೋನ್ ಇಟ್ಟಳು.

ಇತ್ತ ಹಸ್ನಾ ಹೇಳದೆಯೇ ಕೆಲಸಕ್ಕೆ ಇಳಿದಿದ್ದಳು. ಪ್ರತಿ ಸಾಲಿಗೂ ಕಬ್ಬಿಣದ ಜಾಲರಿಯ ಗೋಡೆ, ಜಾಲರಿಯದೇ ಬಾಗಿಲು, ಬಾಗಿಲ ಮೇಲೆ ಹಿತ್ತಾಳೆಯ ನಂಬರು. ಆರನೆಯದಕ್ಕೆ ಬೀಗ. ಗಿರಾಕಿಗಳ ಸಾಲಿನ ಬೀಗದಕೈ ಇಟ್ಟುಕೊಂಡಿದ್ದ ಫೌಜಿ ಎಂಬ ಸಹೋದ್ಯೋಗಿ ಮಸೀದಿಯಲ್ಲಿದ್ದ, ಅವನ ಫೋನು ಮೌನದಲ್ಲಿತ್ತು. ಕರೆಂಟಿನ ಪೆಟ್ಟಿಗೆ ಕೆಳಮಹಡಿಯಲ್ಲಿ, ಅದಕ್ಕೆ ಇನ್ನೊಂದು ಬೀಗ. ಹಸ್ನಾ ಜಾಲರಿಗೆ ಒಮ್ಮೆ ಒದ್ದು ನೋಡಿದಳು. ಐವತ್ತಮೂರು ವರ್ಷದ ಕಾಲಿಗೆ ಅದು ಜಗ್ಗಲಿಲ್ಲ. ಕೇಬಲ್ಲುಗಳು ಒಳಹೋಗುವುದು ಮೇಲಿನಿಂದ, ಚಾವಣಿಗೆ ತೂಗುಹಾಕಿದ ತಟ್ಟೆಗಳ ಮೇಲೆ, ಅಲ್ಲಿಗೆ ಬೀಗವಿಲ್ಲ. ಅವಳು ಏಣಿ ಎಳೆದು ತಂದದ್ದು ನೆಲದ ಮೇಲೆ ಕಿರಿಚಿದ ಸದ್ದಿನಿಂದಲೇ ಸ್ವೀ ಲಿನ್‌ಗೆ ತಿಳಿಯಿತು.

ಹಳದಿ ಕೇಬಲ್ಲುಗಳು ಗಿರಾಕಿಗಳವು, ರೋಗಿಗಳ ಲೆಕ್ಕ ಓಡಾಡುವುದು ಅವುಗಳಲ್ಲಿ. ನೀಲಿ ಕಂಪನಿಯದು, ಆಜ್ಞೆ ಬಂದದ್ದೂ ಕೂಗು ಹೋಗಬೇಕಾದದ್ದೂ ನೀಲಿಯಲ್ಲಿ. ನೀಲಿಯನ್ನು ಕತ್ತರಿಸಿದರೆ ಯಂತ್ರ ಕೂಗುತ್ತದೆ, ಯಾರೂ ಓಗೊಡುವುದಿಲ್ಲ, ಬೇಸತ್ತು ತನ್ನ ಡಿಸ್ಕಿಗೇ ವಾಪಸಾಗುತ್ತದೆ. ಇಬ್ಬರಿಗೂ ಇದು ಗೊತ್ತಿತ್ತು, ಮಾತಾಡಬೇಕಾಗಲಿಲ್ಲ.

“ಮೇಲಿದೀನಿ. ಕತ್ತರಿ ಕೈಲಿದೆ,” ಎಂದಳು ಹಸ್ನಾ, ಏದುಸಿರು ಬಿಡುತ್ತ. “ಇಲ್ಲಿ ಎಲ್ಲಾ ಸಾಲಿಂದೂ ಒಟ್ಟಿಗೇ ಹಾದು ಹೋಗಿದೆ. ಒಂದೊಂದು ಕಟ್ಟಿಗೂ ಒಂದೊಂದು ನಂಬರ್ ಚೀಟಿ. ಯಾವುದು?”

“ಆರು, ಕಾಕ್ ನಾ. ಆರನ್ನ ಕತ್ತರಿಸಿಬಿಡಿ.”

ಕತ್ತರಿಯ ಸದ್ದು ಬರಲಿಲ್ಲ.

“ಯಾರ ಆರು? ಬಾಗಿಲ ಮೇಲಿನ ಆರೋ, ಕೇಬಲ್ ಮೇಲಿನ ಆರೋ?”

ಸ್ವೀ ಲಿನ್‌ಗೆ ಅರ್ಥವಾಗಲಿಲ್ಲ. ಆರು ಅಂದರೆ ಆರು. ಗಡಿಯಾರದಲ್ಲಿ ಒಂದು ಗಂಟೆ ಏಳು ನಿಮಿಷ ಆಗುವುದರಲ್ಲಿತ್ತು. ಹಸ್ನಾ ಏಣಿಯ ಮೇಲಿಂದಲೇ ಅವಸರವಾಗಿ ಹೇಳಿದಳು: ಈ ಕೇಬಲ್ ಎಳೆದವನು ಸುರಬಾಯದಿಂದ ಬಂದಿದ್ದ ಕೆಲಸಗಾರ ಸಿಗಿತ್. ಅವನು ಏಣಿ ಹತ್ತಿ ಸಾಲುಗಳನ್ನು ಬೆರಳಲ್ಲಿ ಎಣಿಸಿಕೊಂಡು ಹೋದ, ಒಂದು ಎರಡು ಮೂರು ನಾಲ್ಕು ಐದು; ಕೆಳಗೆ ಬಾಗಿಲು ನೋಡಲೇ ಇಲ್ಲ. ಅವತ್ತು ಏಣಿ ಹಿಡಿದಿದ್ದವಳು ತಾನೇ. ಅಂದಿನಿಂದ ತನ್ನ ತಲೆಯಲ್ಲಿ ಎರಡೂ ಲೆಕ್ಕ ಇದೆ, ಯಾರೂ ಕೇಳಲಿಲ್ಲ, ತಾನೂ ಹೇಳಲಿಲ್ಲ.

ಬಾಗಿಲುಗಳು. ಸ್ವೀ ಲಿನ್ ಕಣ್ಣು ಮುಚ್ಚಿ ಆ ಕೋಣೆಯಲ್ಲಿ ನಡೆದಳು. ಒಂದು, ಎರಡು, ಮೂರು, ಐದು, ಆರು, ಏಳು. ನೂರು ಸಲ ನಡೆದಿದ್ದಾಳೆ. ನಾಲ್ಕು ಎಲ್ಲಿ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳುವುದಾದರೂ ಯಾಕೆ? ಅವಳ ಮನೆಯ ಚೀನೀ ಮಾತು ಹೊಕ್ಕಿಯನ್‌ನಲ್ಲಿ ನಾಲ್ಕು ಅಂದರೂ ಸಿ, ಸಾವು ಅಂದರೂ ಸಿ. ಅವಳು ಹುಟ್ಟಿದ ಕಟ್ಟಡದ ಲಿಫ್ಟಿನಲ್ಲಿ ಮೂರಾದ ಮೇಲೆ ಐದು. ಅಮ್ಮ ಹಬ್ಬಕ್ಕೆ ಕಿತ್ತಳೆ ಕೊಟ್ಟರೆ ಎರಡು, ಇಲ್ಲ ಆರು. ಮೂರರ ಮುಂದೆ ಐದು ಬರುವುದು ಅವಳಿಗೆ ಉಸಿರಾಡಿದಷ್ಟು ಸಹಜ. ಕಟ್ಟಡ ಕಟ್ಟಿಸಿದ ಮುದುಕ ಯಜಮಾನನೂ ಅವಳಂಥವನೇ. ಮೂರನೇ ಸಾಲಿನವರೆಗೆ ಯಜಮಾನನ ಬಾಗಿಲಿನ ಎಣಿಕೆಯೂ ಸಿಗಿತ್‌ನ ಕೇಬಲ್ಲಿನ ಎಣಿಕೆಯೂ ಒಂದೇ. ಅವಳ ಪರೀಕ್ಷೆಗಳೆಲ್ಲ ಮೂರನೇ ಸಾಲಿನವರೆಗೆ.

ಆರು ಎಂದು ಚೀಟಿ ಇರುವ ಕಟ್ಟು ಹೋಗುವುದು ಹಾಗಾದರೆ ಏಳನೇ ಬಾಗಿಲಿಗೆ. ಏಳನೇ ಬಾಗಿಲಿನೊಳಗೆ ಒಂದು ಬ್ಯಾಂಕಿನ ಎಟಿಎಂ ವ್ಯವಹಾರ. ಅದನ್ನು ಕತ್ತರಿಸಿದ್ದರೆ ಇಲ್ಲಿ ಅಳಿಸುವುದೂ ನಿಲ್ಲುತ್ತಿರಲಿಲ್ಲ, ಅಲ್ಲಿ ಬ್ಯಾಂಕಿನ ಯಂತ್ರಗಳು ಕಂಪನಿಯ ಕೈತಪ್ಪಿ ಇನ್ನೊಂದು ಗೋಳು ಶುರುವಾಗುತ್ತಿತ್ತು.

ಹಾಗಾದರೆ. ಹಾಗಾದರೆ ಅಂತ ಅಂದುಕೊಂಡಾಗೆಲ್ಲ ತಲೆ ಇನ್ನೊಂದು ಕಡೆಗೆ ತಿರುಗುತ್ತಿತ್ತು. ಬಾಗಿಲಿಗೆ ಒಂದು ಕೂಡಿಸಬೇಕೋ, ಕಳೆಯಬೇಕೋ? ಐದೋ, ಏಳೋ? ಅವಳು ಮೇಜಿನ ಅಂಚು ಹಿಡಿದು, ಊಹೆ ಬಿಟ್ಟು, ಆದದ್ದನ್ನು ಮಾತ್ರ ಹಿಡಿದುಕೊಂಡಳು. ತಾನು ಕೊಟ್ಟ ನಂಬರು ಐದು. ಸ್ಕ್ರಿಪ್ಟ್ ಓದುವುದು ಕೇಬಲ್ ಚೀಟಿ ನೋಡಿ ಮಾಡಿದ ಪಟ್ಟಿಯನ್ನು, ಅದು ಐದನ್ನು ಕೇಬಲ್ಲಿನ ನಂಬರು ಅಂದುಕೊಂಡಿತು. ಎದ್ದದ್ದು ಆರನೇ ಬಾಗಿಲು.

“ಐದು,” ಎಂದಳು. “ಕೇಬಲ್ ಮೇಲಿನ ಐದು.”

“ಸರಿಯಾಗಿ ಬಾಯ್ಬಿಟ್ಟು ಹೇಳಮ್ಮ. ನಾಳೆ ಯಾರಾದ್ರೂ ಕೇಳಿದ್ರೆ ನಾನು ನಿನ್ನ ಮಾತಿನ ಮೇಲೆ ಕತ್ತರಿಸಿದೆ ಅಂತೀನಿ.”

“ನನ್ನ ಮಾತು ಕಾಕ್ ನಾ. ಐದು ಅಂತ ಬರ್ದಿರೋ ನೀಲಿ ಕಟ್ಟು. ಕತ್ತರಿಸಿ.”

ಈ ಸಲ ಸದ್ದು ಬಂತು. ಒಂದು, ಮತ್ತೊಂದು, ಆಮೇಲೆ ಹಸ್ನಾ ಎರಡೂ ಕೈ ಹಾಕಿ ಹಿಚುಕಿದಂತೆ ಕರಕರ ಎಂದು ಉದ್ದಕ್ಕೆ. ಒಂದು ಗಂಟೆ ಒಂಬತ್ತು ನಿಮಿಷ.

ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಹಸ್ನಾ ಏಣಿಯ ಮೇಲೇ ಕೂತು ಜಾಲರಿಯ ಮೇಲಿನಿಂದ ಇಣುಕುತ್ತಿದ್ದಳು. ಒಳಗೆ ಒಂದು ಹಳೆಯ ಪರದೆ ಸಣ್ಣ ಯಂತ್ರಕ್ಕೆ ಸಿಕ್ಕಿಸಿದ್ದು ಇತ್ತು; ಉಳಿದ ಏಳಕ್ಕೆ ಬರೀ ದೀಪ. ಅವಳ ಕಣ್ಣಿಗೆ ಕಂಡಿದ್ದನ್ನು ಕಂಡ ಹಾಗೇ ಹೇಳುತ್ತ ಹೋದಳು. ಸಣ್ಣದರ ಪರದೆಯಲ್ಲಿ ಉದ್ದ ಗೀಟು ಓಡುತ್ತಿದೆ, ನೂರಕ್ಕೆ ನಲವತ್ತು, ಅಲ್ಲೇ ನಿಂತಿದೆ. ಅಂದರೆ ಅದು ಹೋಯಿತು. ಮೆಮೊರಿ ಕಡಿಮೆ ಇದ್ದದ್ದರಿಂದ ಎಲ್ಲರಿಗಿಂತ ಮೊದಲೇ ಎದ್ದು ಕೂಗಿ, ಓಗೊಡಿಸಿಕೊಂಡು, ತನ್ನನ್ನು ತಾನು ಅಳಿಸಿಕೊಂಡುಬಿಟ್ಟಿತ್ತು. ಅದು ಹೋದರೆ ಹೋಗಲಿ, ಅದರಲ್ಲಿ ಯಾರ ತೂಕವೂ ರಕ್ತವೂ ಇರಲಿಲ್ಲ. ಆದರೆ ಅದಿಲ್ಲದೆ ಸ್ವೀ ಲಿನ್ ಒಳಗೆ ಹೋಗಿ ಉಳಿದ ಏಳನ್ನು ಮುಟ್ಟಿ ನೋಡುವಂತಿರಲಿಲ್ಲ. ಅವು ಕತ್ತರಿಸುವ ಮುಂಚೆ ಕೂಗಿದ್ದವೋ, ಆಮೇಲೆ ಕೂಗಿದವೋ? ದೀಪ ಮಿಣುಕುತ್ತಿದೆ ಎಂದಳು ಹಸ್ನಾ. ಅಳಿಸುವಾಗಲೂ ಅದೇ ದೀಪ ಮಿಣುಕುತ್ತದೆ, ಓದುವಾಗಲೂ ಅದೇ.

ಏಳು ಯಂತ್ರ ಬದುಕಿವೆಯೋ ಇಲ್ಲವೋ ಎಂದು ಹೇಳಬಲ್ಲವರು ಈಗ ಊರಿನಲ್ಲಿ ಐದು ಜಾಗದಲ್ಲಿ ಮಾತ್ರ ಇದ್ದರು. ಅವಳು ಹುಡುಕಿ ಕರೆ ಮಾಡುವ ಮೊದಲೇ ಮೇಜಿನ ಫೋನು ಬಡಿದುಕೊಂಡಿತು. ಆಯರ್ ಇತಾಮ್ ಡಯಾಲಿಸಿಸ್ ಕೇಂದ್ರದ ಸಿಸ್ಟರ್ ಜೆಯಂತಿ. ಬೆಳಗಿನ ಪಾಳಿಯವರು ಇಳಿದು ಮಧ್ಯಾಹ್ನದವರು ಕುರ್ಚಿ ಹತ್ತುವ ಹೊತ್ತು ಅದು. ಸಿಸ್ಟರ್ ಜೋರು ದನಿಯವರು, ಅವರು ಹೀಗೆ ಮೆತ್ತಗೆ ಮಾತಾಡುತ್ತಿದ್ದರೆ ರೋಗಿ ಪಕ್ಕದಲ್ಲೇ ಇದ್ದಾನೆ ಎಂದರ್ಥ.

ಹತ್ತು ನಿಮಿಷದಿಂದ ಪರದೆ ಬಿಳಿಯಾಗಿ ನಿಂತಿದೆ ಎಂದರು. ಖೋರ್ ಅಂಕಲ್‌ಗೆ ಸೂಜಿ ಚುಚ್ಚಿ ಆಗಿದೆ. ಆದರೆ ಅವರ ಒಣ ತೂಕ ಎಷ್ಟು ಎಂದು ನೋಡದೆ ಯಂತ್ರ ಶುರು ಮಾಡುವಂತಿಲ್ಲ. ಮೈಯಿಂದ ಎಷ್ಟು ನೀರು ತೆಗೆಯಬೇಕು ಅನ್ನುವುದು ಆ ಅಂಕಿಯ ಮೇಲೆ. ಹೆಚ್ಚು ತೆಗೆದರೆ ಮನುಷ್ಯ ಕುರ್ಚಿಯಲ್ಲೇ ಬೀಳುತ್ತಾನೆ. ಮೊನ್ನೆ ಬುಧವಾರ ಡಾಕ್ಟರು ಅದನ್ನು ಬದಲಾಯಿಸಿದ್ದರು, ಬದಲಾಯಿಸಿದ್ದು ನೆನಪಿದೆ, ಎಷ್ಟಕ್ಕೆ ಅನ್ನುವುದು ನೆನಪಿಲ್ಲ. ಅಂಕಲ್‌ರನ್ನು ಕೇಳಿದರೆ ಅವರು ತಮ್ಮ ಮದುವೆಯ ದಿನದ ತೂಕ ಹೇಳುತ್ತಿದ್ದಾರೆ.

ಸ್ವೀ ಲಿನ್ ಒಂದು ಕಿವಿಯಲ್ಲಿ ಇದನ್ನು ಕೇಳುತ್ತ, ಇನ್ನೊಂದು ಕಿವಿಯಲ್ಲಿ ಹಸ್ನಾಳ ಉಸಿರು ಕೇಳುತ್ತ ನಿಂತಿದ್ದಳು. ಫೋನ್ ಇಡಬೇಡಿ, ಎರಡು ನಿಮಿಷಕ್ಕೊಮ್ಮೆ ಪರದೆ ಮತ್ತೆ ತೆರೆದು ನೋಡಿ ಎಂದು ಸಿಸ್ಟರನ್ನು ಕೇಳಿಕೊಂಡಳು. ಸಿಸ್ಟರ್ ತೆರೆದರು. ಬಿಳಿ. ಸಿಸ್ಟರ್ ರೋಗಿಯ ರಕ್ತದೊತ್ತಡ ನೋಡಿಕೊಂಡು ಬಂದರು. ಮತ್ತೆ ತೆರೆದರು. ಬಿಳಿ.

“ಲಿನ್, ಫ್ಯಾನ್ ಇಳೀತು,” ಎಂದಳು ಹಸ್ನಾ ಮೊಬೈಲಿನಲ್ಲಿ. “ಏಳೂ. ಒಂದರ ಹಿಂದೆ ಒಂದು ತಣ್ಣಗಾಯ್ತು.”

ಅಬ್ಬರ ಇಳಿಯಿತು ಅಂದರೆ ಒಳಗೆ ಯಾವುದೋ ಸಿಸ್ಟಮ್ ಎದ್ದು ಹಿಡಿತ ತೆಗೆದುಕೊಂಡಿತು ಎಂದರ್ಥ. ಯಾವುದು? ಹಳೆಯದೋ, ಅಳಿಸಲು ಬಂದ ಪುಟ್ಟ ಪ್ರೋಗ್ರಾಮೋ? ಅವಳು ಕೇಳಲಿಲ್ಲ, ಹಸ್ನಾ ಹೇಳುವಂತೆಯೂ ಇರಲಿಲ್ಲ. ಒಂದು ಗಂಟೆ ಇಪ್ಪತ್ತು ನಿಮಿಷವಾಯಿತು. ಇಪ್ಪತ್ತೆರಡು.

“ಒಂದ್ನಿಮಿಷ,” ಎಂದರು ಸಿಸ್ಟರ್. ಕೀಲಿ ಒತ್ತುವ ಸದ್ದು ಬಂತು. ಅಷ್ಟರಲ್ಲಿ ಸ್ವೀ ಲಿನ್ ತನ್ನ ಉಗುರನ್ನು ನಾಸಿ ಕಂದಾರಿನ ಪೊಟ್ಟಣಕ್ಕೆ ಒತ್ತಿ ತೂತು ಮಾಡಿದ್ದಳು, ಸಾರು ಮೇಜಿನ ಮೇಲೆ ಹರಿದಿತ್ತು, ಅವಳಿಗೆ ಅದು ಕಂಡಿರಲಿಲ್ಲ.

“ಬಂತಮ್ಮ. ಖೋರ್ ಬೂನ್ ತಿಯಾಮ್, ಐವತ್ತೆಂಟೂವರೆ. ಬುಧವಾರದ್ದೂ ಇದೆ, ಇವತ್ತು ಬೆಳಗಿನ ಪಾಳಿದೂ ಇದೆ.” ಸಿಸ್ಟರ್ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದರು, ಕಾಗದದ ಸದ್ದು ಕೇಳುತ್ತಿತ್ತು. “ರಿಜಿಸ್ಟರಲ್ಲಿ ಕಾರಣ ಬರೀಬೇಕು ನಾನು. ಲೈನ್ ಹೋಗಿತ್ತು ಅಂತ ಬರ್ಕೊಳ್ಳಲಾ? ಯಾವಾಗ್ಲೂ ಅದೇ ತಾನೆ.”

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಲೈನು ಎಲ್ಲರ ಪಾಪ ಹೊರುತ್ತದೆ, ಯಾರೂ ಅದನ್ನು ಕರೆದು ವಿಚಾರಿಸುವುದಿಲ್ಲ. ಸೋಮವಾರ ಮೇಲಿನವರಿಗೆ ಒಂದು ಸಣ್ಣ ಯಂತ್ರ ಕೆಟ್ಟಿತು ಎಂದು ಬರೆದರೆ ಸಾಕು. ಮೊಬೈಲಿನಲ್ಲಿ ಹಸ್ನಾ ಕೂಡ ಸಿಸ್ಟರ್ ಮಾತು ಕೇಳಿಸಿಕೊಂಡಿರಬೇಕು. ಅವಳು ಏನೂ ಹೇಳಿಕೊಡಲಿಲ್ಲ.

“ಲೈನಲ್ಲ ಸಿಸ್ಟರ್,” ಎಂದಳು ಸ್ವೀ ಲಿನ್. “ನಾನು. ಬೇರೆ ಮೆಷಿನ್ ಅಳಿಸಕ್ಕೆ ಹೋಗಿ ನಿಮ್ಮದಕ್ಕೆ ಹೇಳ್ಬಿಟ್ಟೆ. ಎಲ್ಲಾ ಅಳಿಸಿ ಹೋಗ್ತಿತ್ತು. ಕಾಕ್ ಹಸ್ನಾ ಕೇಬಲ್ ಕತ್ತರಿಸಿದ್ದಕ್ಕೆ ಉಳೀತು. ಹೆಸರು ಬರ್ಕೊಳ್ಳಿ, ತಿಯೋ ಸ್ವೀ ಲಿನ್. ಮತ್ತೆ ನಿಮ್ಮ ಆಫೀಸಿಗೆ ಹೇಳಿ, ಇವತ್ತೇ ಇನ್ನೊಂದು ಕಡೆ ಒಂದು ನಕಲು ಇಡಿಸಿ ಅಂತ. ನಾನೂ ಹೇಳ್ತೀನಿ.”

ಆಚೆ ಪೆನ್ನು ಅರ್ಧದಲ್ಲಿ ನಿಂತಿತು.

“ಎಲ್ಲಾ ಅಂದ್ರೆ? ಐದೂ ಸೆಂಟರ್‌ದಾ?”

“ಐದೂ ಸೆಂಟರ್‌ದು.”

“ತಿಯೋ. ಟಿ ಇ ಓ ಎಚ್?”

“ಹೌದು ಸಿಸ್ಟರ್.”

“ಬರ್ಕೊಂಡೆ,” ಎಂದರು ಸಿಸ್ಟರ್ ಜೆಯಂತಿ. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. “ನಾನೀಗ ಇವರನ್ನ ನೋಡ್ಬೇಕು.”

ಅವರು ಫೋನನ್ನು ಮೇಜಿನ ಮೇಲೆ ಇಟ್ಟರು, ಕರೆ ಮುಗಿಸುವುದನ್ನು ಮರೆತರು. ಸ್ವೀ ಲಿನ್ ಕೂಡ ಇಡಲಿಲ್ಲ. ದೂರದಲ್ಲಿ ಒಂದು ಗುಂಡಿ ಒತ್ತಿದ ಕೀಕ್ ಸದ್ದು ಕೇಳಿತು, ಆಮೇಲೆ ಪಂಪು ತಿರುಗತೊಡಗಿತು, ನಿಧಾನಕ್ಕೆ, ಟಿಕ್ ಟಿಕ್ ಎಂದು. ಮುದುಕನೊಬ್ಬ ಕೆಮ್ಮಿ, ಟಿವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಲು ಹೇಳಿದ.